ಹಿಂಬದಿಯಲ್ಲಿ ಬರೆದದ್ದು

ನಲವತ್ತೊಂದು ಸಾವಿರದ ಆರುನೂರು.
ಒಂದು ರೂಪಾಯಿ ಮೀರುವುದಿಲ್ಲ ಎಂದು
ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆದು
ಅಡಿಗೆರೆ ಎಳೆಯುವಾಗ ಪಡುಬಿದ್ರಿಯ ಹಂಪು ಬಂತು;
ಗೆರೆ ಜಿಗಿದು ಪ್ರೊಸೆಸರಿನ ಮೈಮೇಲೆ ಹಾದುಹೋಯಿತು.
ನಾನು ಹೊಡೆದುಹಾಕಿದ್ದಲ್ಲ. ರಸ್ತೆ ಹೊಡೆದದ್ದು.

ಎಂಟು ಕೋರಿನದು ಅದು, ಆಸೆಪಟ್ಟು ಬರೆದದ್ದು.
ಎರಡು ಸ್ಟಾಪು ಸುಮ್ಮನಿದ್ದೆ.
ವಲೇರಿಯನ್ನರಿಗೆ ಹೇಳಿದರೆ ಗೇರು ಬದಲಿಸುತ್ತ ಅಂದರು:
'ದೊಡ್ಡ ಇಂಜಿನು ಕೂರಿಸಿ ಟಯರಿಗೆ ದುಡ್ಡಿಲ್ಲದಿದ್ದರೆ
ಗ್ಯಾರೇಜಿನಲ್ಲೇ ಗುರುಗುರು ಅನ್ನುವುದು ಮಾತ್ರ, ಮಾರಾಯ.
ನಿನ್ನ ಆ ಚಿತ್ರ ಓಡಿಸುವ ಕಾರ್ಡು ಉಂಟಲ್ಲ, ಅದೇ ಟಯರು.'
ಕಂಪ್ಯೂಟರಿನ ಮುಂದೆ ಈವರೆಗೆ ಕೂತವರಲ್ಲ.
ಕಾಪು ಬರುವಷ್ಟರಲ್ಲಿ
ಆರು ಕೋರು, ಹೋದ ವರ್ಷದ್ದು, ಎಂದು ತಿದ್ದಿದೆ.

ಬಣ್ಣದ ದೀಪ ಬೇಡ. ಗಾಜಿನ ಬಾಗಿಲು ಬೇಡ.
ಸಸಿಹಿತ್ಲಿನ ನಮ್ಮ ಮನೆಯಲ್ಲಿ
ಕಿಟಕಿಯ ಕೊಂಡಿಯನ್ನೇ ಉಪ್ಪುಗಾಳಿ ತಿನ್ನುತ್ತದೆ,
ಸೈಕಲ್ಲಿನ ಬೆಲ್ಲು ಎರಡು ಮಳೆಗಾಲ ಬಾರಿಸಿದರೆ ಹೆಚ್ಚು.
ಹಂಪನಕಟ್ಟೆಯ ಅಂಗಡಿಯಲ್ಲಿ ಮುನಾವರ್
ಒಂದೊಂದು ಡಬ್ಬವನ್ನೂ ಉಗುರಿನಿಂದ ಬಡಿದು ನೋಡಿ
ದಪ್ಪ ತಗಡಿನದನ್ನು ಮುಂದೆ ದೂಡಿದ.
ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋದೆ.
'ಕರೆಂಟು ಹೋಗಿ ಬಂದಾಗ ಮೊದಲು ಒದೆ ತಿನ್ನುವುದು ಯಾರು?'
ಕೇಳಿದ; ಬಿಲ್ಲು ಬರೆಯುತ್ತಲೇ ಕೇಳಿದ.
ಸಾವಿರದ ನಾನೂರು ಹೆಚ್ಚಾಯಿತು.
ಹಾಗಾಗಿ ರ‍್ಯಾಮು ಒಂದೇ ಕಡ್ಡಿ; ಪಕ್ಕದ ಕಿಂಡಿ ಖಾಲಿ ಇರಲಿ,
ಬೋನಸ್ಸು ಬಂದಾಗ ನೋಡುವ.

ಕಾರ್ಡು ಮಾತ್ರ ಮಣಿಪಾಲದಲ್ಲಿ, ಸೆಕೆಂಡ್ ಹ್ಯಾಂಡು.
ಹಾಸ್ಟೆಲು ಖಾಲಿ ಮಾಡುತ್ತಿದ್ದ ಡೆಂಟಲ್ ಹುಡುಗಿ, ಋತ್ವಿಜಾ,
ಹಲ್ಲಿನ ಸಂದಿಯ ಬ್ರಶ್ಶಿನಿಂದ
ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಉಜ್ಜಿ
ಬಿಳಿ ಟವೆಲಿನ ಮೇಲೆ ಮಲಗಿಸಿದ್ದಳು.
ಹನ್ನೊಂದು ಅಂದಳು. ಒಂಬತ್ತು ಅಂದೆ.
ಹತ್ತಕ್ಕೆ ಬಂದು ನಿಂತು ನನ್ನ ಮುಖ ನೋಡಿದಳು,
ಮೊಬೈಲಿನ ಕವರು ಬಿಚ್ಚಿ ಒಂದು ಟಿಕೆಟು ತೆಗೆದಳು.
ಮುಂಬದಿಯ ಮಿಷನ್ನಿನ ಅಕ್ಷರ ಪೂರ್ತಿ ಮಾಸಿತ್ತು.
ಹಿಂಬದಿಯಲ್ಲಿ ನೀಲಿ ಪೆನ್ನು: 430 ಬಾಕಿ.
ನನ್ನದೇ ನಾಲ್ಕು, ಬಾಯಿ ತೆರೆದದ್ದು.
'ಇಳಿಯುವಾಗ ಕೇಳಿ ಅಂದಿದ್ದಿರಿ. ನನಗೆ ನಿದ್ದೆ ಬಂದಿತ್ತು.'

ಹತ್ತು ಸಾವಿರ. ಮೇಲೆ ನಾನೂರ ಮೂವತ್ತು,
ಡಬ್ಬದ ಎದುರಿನ ಫ್ಯಾನಿಗೆಂದು ತೆಗೆದಿಟ್ಟದ್ದು.
ಟಿಕೆಟು ವಾಪಸು ಕೇಳಿದೆ.
ಕೊಡಲಿಲ್ಲ.

ಬೀಡಿ ಕಟ್ಟುತ್ತ ಕೂತಿದ್ದ ಅಮ್ಮ
ಮದರ್‌ಬೋರ್ಡು ಅಂದದ್ದಕ್ಕೆ
'ಅಪ್ಪ ಅಂತ ಒಂದು ಇಲ್ಲವಾ ಇದರಲ್ಲಿ?' ಎಂದು ನಕ್ಕಳು.
ಫ್ಯಾನಿನ ಸಂಗತಿ ಹೇಳಿದೆ, ಟಿಕೆಟಿನದು ಹೇಳಲಿಲ್ಲ.
ಹೊಗೆಸೊಪ್ಪು ಹಾರೀತೆಂದು ಎಂಥ ಸೆಕೆಯಲ್ಲೂ ಗಾಳಿ ಹಾಕಿಕೊಳ್ಳದವಳು
ಟೇಬಲ್ ಫ್ಯಾನಿನ ಕತ್ತು ಡಬ್ಬದ ಕಡೆ ತಿರುಗಿಸಿ
ತಡ್ಪೆ ಎತ್ತಿಕೊಂಡು ಚಾವಡಿಗೆ ಹೋದಳು.

ಮಾನಿಟರು ಪಟ್ಟಿಯಲ್ಲೇ ಇರಲಿಲ್ಲ. ನಗಬೇಡಿ.
ವಲೇರಿಯನ್ನರ ಮನೆಯ ಹಳೇ ಟಿವಿ
ಕೊನೆಯ ಟ್ರಿಪ್ಪಿನ ಹಿಂದಿನ ಸೀಟಿನಲ್ಲಿ ಕೂತು ಬಂತು;
ಲಗೇಜು ಟಿಕೆಟು ನನಗೆ ನಾನೇ ಹರಿದೆ.

ಬಟನ್ ಒತ್ತಿದೆ. ಏನೂ ಇಲ್ಲ.
ಬೆವರಿದೆ. ರ‍್ಯಾಮಿನ ಕಡ್ಡಿಯನ್ನು ಇನ್ನಷ್ಟು ಒತ್ತಿದೆ;
ಟಕ್ ಅಂತು, ಮುರಿದೇ ಹೋದ ಹಾಗೆ.
ಆಮೇಲೆ ಬೆಳಕು ಬಂತು.

ಆಟ ಇಳಿಯಲು ರಾತ್ರಿಯಿಡೀ ಬೇಕು.
ನೂರಕ್ಕೆ ಹದಿನೇಳು ತೋರಿಸುವಾಗ ಅಮ್ಮ 'ಎಲ್ಲಿಗೆ ಬಂತು?' ಅಂದಳು.
'ಪಣಂಬೂರು,' ಅಂದೆ. ಅವಳಿಗೆ ಅರ್ಥವಾಯಿತು.
ಊಟದ ಹೊತ್ತಿಗೆ ಸುರತ್ಕಲ್, ಮಲಗುವಾಗ ಮೂಲ್ಕಿ.
ಬೆಳಿಗ್ಗೆ ಐದೂ ನಲವತ್ತರ ಟ್ರಿಪ್ಪಿನಲ್ಲಿರುವಾಗ ಫೋನು:
'ಕಾಪುವಿನಲ್ಲಿ ನಿಂತಿದೆ. ಆಗಿನಿಂದ ಅಲ್ಲೇ.'
'ಟೈಮಿಂಗ್ ಇರಬೇಕಮ್ಮ, ಮುಟ್ಟಬೇಡ,' ಅಂದೆ,
ಸೀಟಿ ತುಟಿಗಿಡುತ್ತ, 'ಬಿಡುತ್ತಾನೆ.'